ಗೀಟೆಳೆದ ಸಾಲಿನ ಕೆಳಗಿನ ಚುಕ್ಕೆಗಳು

ಮೇಲಿನ ಮನೆಯಲ್ಲಿ ನಿನ್ನೆಯಿಂದ ಹೆಜ್ಜೆ ಸಪ್ಪಳವಿಲ್ಲ. ಮಗುವಿಗೆ ಹಾಲು ಕುಡಿಸುವಾಗಲೂ ನನ್ನ ಕಿವಿಯೆಲ್ಲ ಅಲ್ಲೇ. "ಶುರುವಾಯ್ತು ನೋಡು, ಹಗ್ಗ ಕಂಡ್ರೆ ಹಾವು ಅಂತೀಯ," ಎಂದು ಗಂಡ ಕೆಲಸಕ್ಕೆ ಹೊರಟುಹೋದರು.

ಅಲ್ಲಿರುವವರು ಪ್ರೂಫಕ್ಕ. ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷ ಬೇರೆಯವರ ಕವಿತೆಗಳ ಕರಡು ತಿದ್ದಿದವರು. ಕಿವಿಯ ಹಿಂದೆ ಸದಾ ಕೆಂಪು ಪೆನ್ಸಿಲು. ಕಣ್ಣಿಗೆ ಪೊರೆ ಬಂದು ಕೆಲಸ ಹೋದ ಮೇಲೆ ಅಣ್ಣನ ಮನೆ ಸೇರಿ, ತಾವೇ ಬರೆಯತೊಡಗಿದರು. ವಾರಕ್ಕೊಮ್ಮೆ ಇಳಿದುಬಂದು ನನಗೆ ತೋರಿಸುತ್ತಿದ್ದರು. ಕಾಲೇಜಿನಲ್ಲಿ ನವ್ಯಕಾವ್ಯ ಓದಿದವಳು ಈ ಕಟ್ಟಡಕ್ಕೆಲ್ಲ ನಾನೊಬ್ಬಳೇ ತಾನೆ?

ಚಿಲಕ, ಆರಿದ ಒಲೆ, ಒಣಗಿದ ನಲ್ಲಿ. ಅವರ ಕವಿತೆಗಳಲ್ಲಿ ಯಾವಾಗಲೂ ಇವೇ. ಚಿಲಕವೆಂದರೆ ಮನುಷ್ಯನ ಒಂಟಿತನ, ನಲ್ಲಿಯೆಂದರೆ ಬತ್ತಿದ ನಂಬಿಕೆ ಎಂದು ನಾನು ಬಿಡಿಸಿ ಹೇಳುತ್ತಿದ್ದೆ.

"ಅಯ್ಯೋ ತಾಯಿ, ನಲ್ಲಿ ಅಂದ್ರೆ ನಲ್ಲೀನೇ ಕಣೆ. ನೀರು ಬರಲ್ಲ, ಅಷ್ಟೇ."

"ಸುಮ್ನಿರಿ ಅಕ್ಕ, ಬರೆದೋರಿಗೇ ಗೊತ್ತಿರಲ್ಲ ಅದೆಲ್ಲ."

"ಸರಿ ಬಿಡು, ಓದಿದೋಳು ಹೇಳಿದ್ಮೇಲೆ ಮುಗೀತು!"

ತಿಂಗಳಿಂದ ಅವರು ಇಳಿದಿಲ್ಲ. ಕವಿತೆ ಮಾತ್ರ ದಾರಕ್ಕೆ ಕಟ್ಟಿದ ಬಟ್ಟೆ ಕ್ಲಿಪ್ಪಿನಲ್ಲಿ ಕಿಟಕಿಯಿಂದ ಇಳಿಯುತ್ತಿತ್ತು. ಕವಿಗಳ ಹುಚ್ಚಾಟವೆಂದು ನಕ್ಕಿದ್ದೆ. ಕಳೆದ ವಾರದ್ದು 'ಚಿಲಕ ಹೊರಗಿದೆ' ಎಂದು ಶುರುವಾಗಿ 'ಯಾರಾದರೂ ತೆಗೆಯಿರಿ' ಎಂದು ಮುಗಿದಿತ್ತು. ಕೊನೆಯ ಸಾಲು ತೀರಾ ನೇರವಾಯಿತು, ಪ್ರತಿಮೆ ಸೊರಗುತ್ತದೆ ಎಂದು ಅದನ್ನು ಗೀಟೆಳೆದು ಹೊಡೆದುಹಾಕಿ, ಅದೇ ಕ್ಲಿಪ್ಪಿಗೆ ಸಿಕ್ಕಿಸಿ ಕಳಿಸಿದೆ.

ಮೊನ್ನೆ ಹಾಳೆ ವಾಪಸು ಬಂತು. ಹೊಸದೇನೂ ಬರೆದಿರಲಿಲ್ಲ. ನಾನು ಗೀಟೆಳೆದ ಸಾಲಿನ ಕೆಳಗೆ ಕೆಂಪು ಚುಕ್ಕೆಗಳು, ಅಷ್ಟೇ. ಮಗು ಅಳುತ್ತಿತ್ತು, ಹಾಳೆಯನ್ನು ಫ್ರಿಜ್ಜಿನ ಮೇಲಿಟ್ಟು ಮರೆತೆ.

ಇವತ್ತು ಅದನ್ನು ಎತ್ತಿಕೊಂಡಾಗ ಅವರೇ ಹಿಂದೊಮ್ಮೆ ಹೇಳಿದ್ದು ನೆನಪಾಯಿತು: "ಕರಡಲ್ಲಿ ಸರಿ ಇರೋದನ್ನ ಯಾರಾದ್ರೂ ಕಾಟು ಹೊಡೆದ್ರೆ ಕೆಳಗೆ ಚುಕ್ಕೆ ಇಡ್ತೀವಿ. ಇದು ಇರ್ಲೇಬೇಕು ಅಂತ."

ಮಗುವನ್ನು ಸೊಂಟಕ್ಕೇರಿಸಿ ಮೆಟ್ಟಿಲು ಹತ್ತಿದೆ. ಹೊರಚಿಲಕಕ್ಕೆ ಅಂಗೈಯಗಲದ ಬೀಗ. ಅವರ ಅಣ್ಣನ ಚಪ್ಪಲಿ ಇಲ್ಲ. ಪಕ್ಕದಲ್ಲಿ ಅವರ ಮನೆಯ ನೀರಿನ ವಾಲ್ವು ಮುಚ್ಚಿ, ಯಾರೂ ತಿರುಗಿಸದಂತೆ ತಂತಿ ಬಿಗಿದಿತ್ತು. ಬಾಗಿಲು ಬಡಿದೆ, ಕೂಗಿದೆ. ಒಳಗೆ ಏನೂ ಅಲುಗಲಿಲ್ಲ.

ಅಲ್ಲೇ ನಿಂತು ಪೊಲೀಸರಿಗೆ ಫೋನ್ ಮಾಡಿದೆ.

"ಒಳಗಿರೋರು ಮಾತಾಡ್ತಿದ್ದಾರೇನಮ್ಮ?"

"ಹೋದ ವಾರ ಕೇಳ್ಕೊಂಡ್ರು ಸಾರ್," ಎಂದೆ. "ತೆಗೀರಿ ಅಂತ."