ಏಳನೇ ಮಾಸಿಕದ ಸಾರು

ಅಡಿಗೆ ಮಾವನ ಬಲಗೈಯಲ್ಲಿ ಮೊಣಕೈಯ ತನಕ ಒಂದು ಕೂದಲೂ ಇರಲಿಲ್ಲ. ನಲವತ್ತು ವರ್ಷ ಕೊಪ್ಪರಿಗೆಗಳ ಮೇಲೆ ಬಗ್ಗಿ ಬಗ್ಗಿ ಹಬೆಯೂ ಬೆಂಕಿಯೂ ಸೇರಿ ಆ ಕೈಯನ್ನು ಬೋಳಿಸಿಬಿಟ್ಟಿದ್ದವು. ಎಡಗೈ ಎಲ್ಲರ ಕೈಯ ಹಾಗೆಯೇ ಇತ್ತು. ಬಡಿಸಲು ಶುರುವಾದ ಮೇಲೆ ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಪಂಕ್ತಿಯ ತುದಿಯಲ್ಲಿ ನಿಂತರೆಂದರೆ ಕೊನೆಯ ಎಲೆ ಎತ್ತುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಹೊಗಳಿಕೆಗೆ ಕಾಯುವ ಗತ್ತು ಅದು ಎಂದು ನಾನು ಬಹಳ ಕಾಲ ತಿಳಿದಿದ್ದೆ. ನಿಜಕ್ಕೆ ಅವರು ಎಲೆಗಳನ್ನು ನೋಡುತ್ತಿದ್ದರು. ಯಾರು ಯಾವುದನ್ನು ಬದಿಗೆ ತಳ್ಳಿದರು, ಯಾರು ಎರಡನೇ ಸಲ ಕೇಳಲು ನಾಚಿಕೊಂಡರು, ಎಲ್ಲ ಅವರ ಲೆಕ್ಕದಲ್ಲಿರುತ್ತಿತ್ತು.

ರಕ್ತಸಂಬಂಧದಲ್ಲಿ ಅವರು ನಮಗೆ ಏನೂ ಅಲ್ಲ. ಕಡಬದ ಕಡೆಯವರು. ಉಪನಯನದ ಪ್ರಾಯದಲ್ಲಿದ್ದ ನನ್ನ ತಮ್ಮನಿಗೆ ಲಾಡು ಕಟ್ಟುವುದನ್ನು ಕಲಿಸಿದವರು, ನನ್ನ ಮದುವೆಗೆ ಹೋಳಿಗೆ ಮಾಡಿದವರು, ಅಪ್ಪನ ಹನ್ನೆರಡನೆಯ ದಿನಕ್ಕೂ ಅವರೇ ಬಂದರು. ಊರಿಗೆಲ್ಲ ಅಡಿಗೆ ಭಟ್ರು, ನಮಗೆ ಮಾವ. ನಾನು ಪುತ್ತೂರಿನ ದರ್ಬೆಯಲ್ಲಿ ಮನೆ ಮಾಡಿಕೊಂಡು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ಮಾತಿಗೆ ಮಾತು ಕೊಡದಿದ್ದರೆ ನಿದ್ದೆ ಬಾರದವಳು. "ಈ ಕೂಸಿನ ಹತ್ರ ವಾದ ಮಾಡುದಕ್ಕಿಂತ ಹಸಿ ಸೌದೆಗೆ ಬೆಂಕಿ ಹಿಡಿಸುದು ಸುಲಭ" ಎಂದು ಮಾವ ನನ್ನೆದುರಿಗೇ ಹೇಳುತ್ತಿದ್ದರು.

ಅಪ್ಪ ಹೋದ ಮೇಲೆ ತಮ್ಮ ವರ್ಷದ ದೀಕ್ಷೆ ಹಿಡಿದ. ನಮ್ಮಲ್ಲಿ ಈಗ ಹೆಚ್ಚಿನವರು ಅಷ್ಟೆಲ್ಲ ಮಾಡುವುದಿಲ್ಲ. ಒಂದು ವರ್ಷ ಕ್ಷೌರವಿಲ್ಲ, ಒಂದೇ ಹೊತ್ತು ಊಟ, ಹೊರಗಿನ ಅನ್ನವಿಲ್ಲ, ಮದುವೆ ಮುಂಜಿಗಳಿಗೆ ಹೋಗುವ ಹಾಗಿಲ್ಲ, ತಿಂಗಳು ತಿಂಗಳು ಮಾಸಿಕ ಶ್ರಾದ್ಧ, ವರ್ಷ ತುಂಬಿದಾಗ ವರ್ಷಾಂತಿಕ. ಸುಳ್ಯದ ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದವನು, ಮೂವತ್ತೆರಡು ವರ್ಷದ ಹುಡುಗ, ತಾನು ಎಲ್ಲವನ್ನೂ ಪಾಲಿಸುತ್ತೇನೆ ಎಂದಾಗ ನೆಂಟರ ಕಣ್ಣು ತುಂಬಿತು. ಅವನು ಮಾತು ಕಡಿಮೆ ಮಾಡಿದ, ನಾವು ಮೌನವ್ರತ ಎಂದೆವು. ಬೆಳಗಿನ ಜಾವ ಮೂರಕ್ಕೆ ಎದ್ದು ಕೂತಿರುತ್ತಾನೆ ಎಂದು ಅಮ್ಮ ಹೇಳಿದಾಗ ಜಪಕ್ಕಿರಬೇಕು ಎಂದುಕೊಂಡೆವು. ಆಮೇಲೆ ಅಂಗಡಿಗೂ ಬೀಗ ಬಿತ್ತು. "ಈ ಕಾಲದಲ್ಲಿ ಇಂಥ ಮಗ ಯಾರಿಗುಂಟು" ಎಂದು ದೊಡ್ಡಪ್ಪ ಹೋದಲ್ಲೆಲ್ಲ ಹೇಳಿಕೊಂಡು ಬಂದರು. ನಾನೂ ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದಲೇ ಹೇಳಿದ್ದೇನೆ. ಆ ಹೆಮ್ಮೆಯನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಅಮ್ಮನಿಗೆ ಮಂಡಿನೋವು. ಹಾಗಾಗಿ ಪ್ರತಿ ಮಾಸಿಕಕ್ಕೂ ಅಡಿಗೆ ಮಾವ ಕಡಬದಿಂದ ಬರುತ್ತಿದ್ದರು. ಏಳನೆಯ ಮಾಸಿಕದ ದಿನ ಬ್ರಾಹ್ಮಣರ ಊಟ ಮುಗಿದು ಮನೆಯವರದ್ದೂ ಆಯಿತು. ನಾನು ಪಾತ್ರೆ ಎತ್ತಿಡುತ್ತಿದ್ದಾಗ ಮಾವ ಹಿತ್ತಲಿಗೆ ಕರೆದರು.

"ಕೂಸೇ, ನಿನ್ನ ತಮ್ಮನಿಗೆ ನಾನು ಇವತ್ತು ಉಪ್ಪಿಲ್ಲದ ಸಾರು ಬಡಿಸಿದ್ದೇನೆ. ಉಪ್ಪು ಹಾಕುವ ಮೊದಲೇ ಒಂದು ಬಟ್ಟಲು ತೆಗೆದಿಟ್ಟಿದ್ದೆ. ಹೋದ ತಿಂಗಳೂ ಹಾಗೇ ಮಾಡಿದ್ದು. ಎರಡು ಸಲವೂ ಅವನಿಗೆ ಗೊತ್ತಾಗ್ಲಿಲ್ಲ."

ನನಗೆ ರೇಗಿತು. "ನೀವು ಶ್ರಾದ್ಧದ ಊಟದಲ್ಲಿ ಪರೀಕ್ಷೆ ಮಾಡುದಾ ಮಾವ? ಅಪ್ಪ ತೀರಿಹೋಗಿದ್ದಾರೆ. ದೀಕ್ಷೆಯಲ್ಲಿರುವವನು ನಾಲಗೆ ಚಪ್ಪರಿಸುತ್ತಾನಾ?"

"ದುಃಖದ ಊಟ ನಾನು ಎಷ್ಟು ಬಡಿಸಿದ್ದೇನೆ, ನೀನು ಎಷ್ಟು ನೋಡಿದ್ದೀ? ದುಃಖದಲ್ಲಿ ಇದ್ದವರು ಅಳುತ್ತಾ ಕೂತಿರ್ತಾರೆ. ಪಾಯಸ ಬಂದಾಗ ಯಾರೋ ಒಬ್ಬ, ಅಜ್ಜನಿಗೆ ಇದು ಇಷ್ಟ ಇತ್ತು, ಕದ್ದು ತಿಂತಿದ್ರು ಅಂತಾನೆ. ಅಳುತ್ತಾ ಇದ್ದವರೇ ನಗ್ತಾರೆ. ಮತ್ತೆ ಇನ್ನೊಂದು ಸೌಟು ಹಾಕಿಸ್ಕೊಳ್ತಾರೆ. ನಿನ್ನ ಅಮ್ಮನನ್ನೇ ನೋಡು."

ಅದು ನಿಜವಿತ್ತು. ಅಮ್ಮ ಅಪ್ಪನ ಕನ್ನಡಕ ಕಂಡರೆ ಅಳುತ್ತಿದ್ದಳು. ಸಂಜೆ ಧಾರಾವಾಹಿಯ ಅತ್ತೆಯನ್ನು ಬೈದು ಹಗುರಾಗುತ್ತಿದ್ದಳು. ಆದರೂ ನಾನು ಬಿಡಲಿಲ್ಲ. "ಅವನಿಗೆ ಟೆನ್ಶನ್ ಇರ್ತದೆ. ಮನೆಯ ಜವಾಬ್ದಾರಿ ಎಲ್ಲ ಅವನ ತಲೆ ಮೇಲೆ ಬಿತ್ತಲ್ಲ."

"ಟೆನ್ಶನ್ ಇದ್ದವನು ಬೈತಾನೆ. ಮದುವೆ ಮನೆಯ ಯಜಮಾನನನ್ನು ನೋಡಿಲ್ವಾ? ಒಂದು ತುತ್ತು ಇಳಿಯುದಿಲ್ಲ ಅವನಿಗೆ, ಎಲ್ಲರ ಮೇಲೂ ಹಾರುದು. ದಿಬ್ಬಣ ಹೋದ ಕೂಡಲೇ ಎರಡು ಎಲೆಯ ಊಟ ಮಾಡಿ ಗೊರಕೆ ಹೊಡೀತಾನೆ. ಇವನು ಯಾರಿಗಾದರೂ ಬೈದನಾ? ಅಪ್ಪನ ಹೆಸರು ಹೇಳಿ ಎಷ್ಟು ದಿನ ಆಯ್ತು?"

ನಾನು ತಿಂಗಳುಗಳನ್ನು ಹಿಂದಕ್ಕೆ ಎಣಿಸುತ್ತಾ ಹೋದೆ. 

"ಅಪ್ಪ ಹೋದ ದುಃಖವೂ ಅವನ ಹತ್ರ ಈಗ ಇಲ್ಲ ಕೂಸೇ. ಇದು ಬೇರೆ. ನೀನೇ ಹೋಗಿ ಕೇಳು."

ತಮ್ಮ ಜಗಲಿಯ ಮೂಲೆಯಲ್ಲಿ ಕೂತಿದ್ದ. ಪಕ್ಕದಲ್ಲಿ ಕೂತು, ಅಂಗಡಿ ಯಾವಾಗ ತೆರೆಯುತ್ತಿ ಎಂದು ಸುಮ್ಮನೆ ಕೇಳುವವಳಂತೆ ಕೇಳಿದೆ.

"ಮೋಟಾರು ಸುತ್ತುವ ವೈಂಡಿಂಗ್ ಮೆಶಿನ್ ಅರಂತೋಡಿನ ಒಬ್ಬನಿಗೆ ಕೊಟ್ಟೆ" ಎಂದ.

"ಮಾರಿದ್ದಾ?"

"ಸುಮ್ಮನೆ ಕೊಟ್ಟದ್ದು. ಇನ್ನು ಐದು ತಿಂಗಳು ಅಲ್ವಾ ಅಕ್ಕ. ವರ್ಷಾಂತಿಕ ಆದರೆ ನನ್ನ ಕೆಲಸ ಮುಗಿಯಿತು."

"ಮತ್ತೆ?"

"ಮತ್ತೆ ಎಂತ?"

ಅವನ ಮುಖದಲ್ಲಿ ಸಂಕಟವೇ ಇರಲಿಲ್ಲ. ಬಸ್ಸಿನ ಸಮಯ ಹೇಳಿದಷ್ಟು ಸಲೀಸಾಗಿ ಹೇಳಿದ್ದ. ವರ್ಷಾಂತಿಕ ಆದರೆ ಎಲ್ಲ ಸರಿಯಾಗುತ್ತದೆ ಎಂದು ನಾವೆಲ್ಲ ಯಾವ ದಿನವನ್ನು ಕಾಯುತ್ತಿದ್ದೆವೋ ಅದೇ ದಿನವನ್ನು ಅವನೂ ಕಾಯುತ್ತಿದ್ದ, ತನ್ನ ಬದುಕಿನ ಕೊನೆಯೆಂದು.  ಎದ್ದು ಬಂದು ಮಾವನಿಗೆ ಹೇಳಿದೆ.

ಅವತ್ತು ಮಾವ ಊರಿಗೆ ಹೋಗಲಿಲ್ಲ. ಜಗಲಿಯಲ್ಲಿ ತಮ್ಮನ ಎದುರು ನೆಲದ ಮೇಲೆ ಕೂತು ಕೈಚೀಲ ಬಿಚ್ಚಿದರು. ವೀಳ್ಯದೆಲೆಯ ಡಬ್ಬಿಯ ಕೆಳಗಿನಿಂದ ಮಾತ್ರೆಯ ಪಟ್ಟಿಯೊಂದನ್ನು ತೆಗೆದು ಅವನ ಮುಂದಿಟ್ಟರು.

"ಇದು ಬಿಪಿಯದ್ದಲ್ಲ. ಮನಸ್ಸಿನ ಡಾಕ್ಟ್ರು ಕೊಟ್ಟದ್ದು. ನಿನ್ನ ಅಕ್ಕನ ಮದುವೆಯ ವರ್ಷ ನನಗೆ ರುಚಿಯೇ ಗೊತ್ತಾಗ್ತಿರಲಿಲ್ಲ. ಯಾರೂ ಸತ್ತಿರಲಿಲ್ಲ, ಸಾಲ ಇರಲಿಲ್ಲ, ಎಂತದ್ದೂ ಇಲ್ಲ. ಕೈಗೆ ಅಭ್ಯಾಸ ಇತ್ತು, ಹಾಗಾಗಿ ಅಡಿಗೆ ಸರಿಯಾಗ್ತಿತ್ತು. ಎಲ್ಲ ಚಪ್ಪರಿಸಿ ತಿಂದ್ರು. ನಾನು ಮಾತ್ರ ಪ್ರತಿ ಮನೆಯಲ್ಲೂ ಮೊದಲು ಬಾವಿ ಎಲ್ಲುಂಟು ಅಂತ ನೋಡ್ತಿದ್ದೆ, ನೀರಿಗಲ್ಲ."

ತಮ್ಮ ಮೊದಲ ಸಲ ತಲೆ ಎತ್ತಿದ. "ಇದು ನನ್ನ ಸೋಮಾರಿತನ ಅಂತ ತಿಳ್ಕೊಂಡಿದ್ದೆ" ಎಂದ.

"ನಾನೂ ಹಾಗೇ ಅಂದ್ಕೊಂಡಿದ್ದೆ. ಅಲ್ಲ ಮಾರಾಯ. ಇದು ಕಾಯಿಲೆ. ನಾಳೆ ನನ್ನ ಜೊತೆ ಪುತ್ತೂರಿನ ಡಾಕ್ಟ್ರ ಹತ್ರ ಬಾ."

"ದೀಕ್ಷೆ ಉಂಟಲ್ಲ. ಹೊರಗೆ ಊಟ ಆಗುದಿಲ್ಲ."

"ಅನ್ನ ನಾನು ಮಡಿಯಲ್ಲಿ ಮಾಡಿ ಬುತ್ತಿ ಕಟ್ಟಿ ತರ್ತೇನೆ. ಬೇರೆ ಎಂತ ತಕರಾರುಂಟು?"

ತಕರಾರು ದೊಡ್ಡಪ್ಪನದ್ದಿತ್ತು. ಅರ್ಧ ದೀಕ್ಷೆಯಲ್ಲಿ ಹುಡುಗನನ್ನು ಹುಚ್ಚರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದೇ, ಮದುವೆಯಾಗಬೇಕಾದವನು, ಐದು ತಿಂಗಳು ಕಾದರೆ ಏನು ಹೋಗುತ್ತದೆ ಎಂದು ಫೋನಿನಲ್ಲೇ ಕೂಗಾಡಿದರು. ಅಮ್ಮ ಅವರ ಮಾತು ಮೀರುವವಳಲ್ಲ. ಐದು ತಿಂಗಳು ಕಾದರೆ ಏನು ಹೋಗುತ್ತದೆಂದು ನನಗೆ ಗೊತ್ತಿತ್ತು. ಅಮ್ಮನ ಎದುರು ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ. ಆಗ ನನ್ನ ಬಾಯಿಂದ ಬಂತು: "ಅಡಿಗೆ ಮಾವನೇ ಇಷ್ಟು ವರ್ಷದಿಂದ ಅಂಥದ್ದೇ ಡಾಕ್ಟರ ಮಾತ್ರೆ ತಿನ್ತಿದ್ದಾರೆ ದೊಡ್ಡಪ್ಪ. ಅವರಿಗೆ ಹುಚ್ಚುಂಟಾ?" ದೊಡ್ಡಪ್ಪ ಅದನ್ನು ನನ್ನಿಂದ ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ "ಹಾಗಾದ್ರೆ ಹೋಗಿ ಬನ್ನಿ" ಎಂದರು.

ಪುತ್ತೂರಿನ ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಎಷ್ಟು ದಿನದಿಂದ ಹೀಗೆ, ದಿನವಿಡೀ ಹೀಗೆಯೇ ಇರುತ್ತದೋ ನಡುವೆ ತಿಳಿಯಾಗುತ್ತದೋ, ನಿದ್ದೆ ಹೇಗೆ, ಮೊದಲು ಖುಷಿ ಕೊಡುತ್ತಿದ್ದ ಕೆಲಸ ಈಗ ಏನನ್ನಿಸುತ್ತದೆ, ಸಾಯಬೇಕೆಂದು ಅನಿಸಿದೆಯೇ ಎಂದು ನೇರವಾಗಿ ಕೇಳಿದರು. ಕೊನೆಯ ಪ್ರಶ್ನೆಗೆ ತಮ್ಮ ಹೌದು ಎಂದ. ವರ್ಷಾಂತಿಕದ ದಿನವೆಂದೂ ಹೇಳಿದ. ಡಾಕ್ಟರು ಪೆನ್ನು ಕೆಳಗಿಟ್ಟು, ಹೇಳಿದ್ದು ಒಳ್ಳೆಯದಾಯಿತು ಎಂದರು. ಆಮೇಲೆ ಹೊರಗೆ ಬಂದು ನನಗೆ, ಔಷಧಿ ಹಿಡಿಯಲು ಕೆಲವು ವಾರ ಬೇಕು, ಅಷ್ಟರವರೆಗೆ ಒಂಟಿಯಾಗಿ ಬಿಡಬೇಡಿ ಎಂದರು.

ಆ ವಾರಗಳನ್ನು ದರ್ಬೆಯ ನನ್ನ ಮನೆಯಲ್ಲಿ ಹೇಗೆ ಕಳೆದೆವೋ. ಬಚ್ಚಲಿನ ಚಿಲಕ ತೆಗೆಸಿದೆ. ಅವನು ಒಳಗಿದ್ದಾಗ ನೀರಿನ ಸದ್ದು ನಿಂತರೆ ಹೋಗಿ ಬಾಗಿಲು ತಟ್ಟುತ್ತಿದ್ದೆ. ನಾನು ಶಾಲೆಗೆ ಹೋದರೆ ಗಂಡ ರಜೆ ಹಾಕುತ್ತಿದ್ದರು, ಅವರಿಗಾಗದ ದಿನ ಅಡಿಗೆ ಮಾವ ಮೊದಲ ಬಸ್ಸಿಗೆ ಬರುತ್ತಿದ್ದರು. ಎರಡು ವಾರವಾದರೂ ಬದಲಾವಣೆ ಕಾಣದಾಗ ನಾನು ಅವರ ಮೇಲೆಯೇ ಹರಿಹಾಯ್ದೆ. ಅವರು ತರಕಾರಿ ಹೆಚ್ಚುತ್ತಾ, "ನನಗೆ ಒಂದು ತಿಂಗಳು ದಾಟಿತ್ತು" ಎಂದಷ್ಟೇ ಹೇಳಿದರು. ಐದನೆಯ ವಾರದ ಒಂದು ಬೆಳಿಗ್ಗೆ ಚಟ್ನಿ ರುಬ್ಬುತ್ತಿದ್ದೆ. ತಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು ಮುಖ ಸಿಂಡರಿಸಿದ. "ಮಿಕ್ಸಿಯ ಬುಷ್ ಹೋಗಿದೆ ಅಕ್ಕ. ಈ ಶಬ್ದ ಕೇಳಿಕೊಂಡು ಹೇಗೆ ಕೂತಿದ್ದೀ?" ಚಟ್ನಿಯನ್ನು ಅರ್ಧಕ್ಕೇ ಬಿಟ್ಟು ಸ್ಕ್ರೂಡ್ರೈವರ್ ಹುಡುಕಲು ಓಡಿದೆ.

ಆಮೇಲೆ ಅವನು ಒಂದೇ ಸಮ ಚೇತರಿಸಿಕೊಂಡ ಎಂದರೆ ಸುಳ್ಳು. ಮತ್ತೆ ಕುಸಿದ ದಿನಗಳಿದ್ದವು, ಮಾತ್ರೆ ಬದಲಾಯಿತು. ವರ್ಷಾಂತಿಕದ ದಿನ ನಾನು ಬೆಳಗಿನಿಂದ ಸಂಜೆಯವರೆಗೆ ಅವನ ಬೆನ್ನು ಬಿಡಲಿಲ್ಲ. ಮರುದಿನ ಅವನು ಗಡ್ಡ ತೆಗೆಸಿಕೊಂಡು ಬಂದ.

ಈ ನಡುವೆ ಮಾವನ ಮಾತ್ರೆಯ ವಿಷಯ ನಾನು ದೊಡ್ಡಪ್ಪನಿಗೆ ಹೇಳಿದ್ದು ಫಲ ಕೊಟ್ಟಿತ್ತು. ದೊಡ್ಡಪ್ಪನಿಂದ ಒಬ್ಬರಿಗೆ, ಅವರಿಂದ ಇನ್ನೊಬ್ಬರಿಗೆ ಹೋಗಿ, ಕಡಬದ ಹತ್ತಿರದ ಒಂದು ಮದುವೆ ಮನೆಯವರು ಮಾವನನ್ನು ಬೇಡವೆಂದರು. ನಂತರ ಇನ್ನೆರಡು ಕಡೆಯವರೂ. ಸುದ್ದಿ ಕಿವಿಗೆ ಬಿದ್ದ ದಿನವೇ ಅವರ ಮನೆಗೆ ಹೋದೆ. ಜಗಲಿಯಲ್ಲಿ ನಿಂತೇ, "ಹೇಳಿದ್ದು ನಾನು ಮಾವ" ಎಂದೆ.

"ಗೊತ್ತುಂಟು" ಎಂದರು. "ನೀನು ಹೇಳದಿದ್ರೆ ನಿನ್ನ ದೊಡ್ಡಪ್ಪ ಒಪ್ತಿದ್ರಾ?"

"ಇಲ್ಲ."

"ಹಾಗಾದ್ರೆ ಆಯ್ತಲ್ಲ. ಕೂತ್ಕೊ, ಆಸ್ರಿಗೆ ಕುಡಿಯುದಕ್ಕೆ ಎಂತ ಬೇಕು?"

ಹದಿನೈದು ವರ್ಷ ಅವರು ಬಚ್ಚಿಟ್ಟಿದ್ದನ್ನು ನಾನು ಒಂದು ಫೋನಿನಲ್ಲಿ ಖರ್ಚು ಮಾಡಿದ್ದೆ. ಕ್ಷಮೆ ಕೇಳಲು ಅವರು ಎಡೆ ಕೊಡಲಿಲ್ಲ, ವಾದ ಮಾಡಲು ನನಗೂ ಬಾಯಿ ಬರಲಿಲ್ಲ. ಬೆಲ್ಲ ಕಲಸಿದ ನೀರು ಕುಡಿದು ಎದ್ದು ಬಂದೆ.

ಹೋದ ಚೈತ್ರದಲ್ಲಿ ಮಾವ ಹೃದಯಾಘಾತದಿಂದ ತೀರಿಕೊಂಡರು. ನನಗೆ ಸುದ್ದಿ ಮುಟ್ಟಿಸಿದ್ದು ತಮ್ಮ, ಮತ್ತೆ ತೆರೆದ ಸುಳ್ಯದ ಅಂಗಡಿಯಿಂದ ಫೋನು ಮಾಡಿ. ಮಾವ ಹೋದರು ಅಕ್ಕ ಎಂದವನು ಅಳತೊಡಗಿದ. ಹಿಂದೆ ಮೋಟಾರಿನ ಸದ್ದು, ಗಿರಾಕಿಯೊಬ್ಬ ಏನೋ ಕೇಳುತ್ತಿದ್ದ, ಇವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಅಪ್ಪ ಹೋದಾಗಲೂ ಅವನು ಹೀಗೆ ಅತ್ತಿರಲಿಲ್ಲ. ಸಮಾಧಾನದ ಮಾತು ನನ್ನ ಬಾಯಿಗೆ ಬಂತು, ಹೇಳಲಿಲ್ಲ. ಅಳಲಿ ಎಂದು ಫೋನು ಕಿವಿಗೊತ್ತಿಕೊಂಡು ನಿಂತೆ. ಬಹಳ ಹೊತ್ತಿನ ಮೇಲೆ ಅವನು ಮೂಗು ಸೀಟಿಕೊಂಡು, "ನಿಂದು ಊಟ ಆಯ್ತಾ ಅಕ್ಕ?" ಎಂದು ಕೇಳಿದ.