ಚಿಕ್ಕಮ್ಮ ಪಾದಗಳನ್ನು ತಾಳೆ ನೋಡಿದ್ದು

ನಮ್ಮ ಚಿಕ್ಕಮ್ಮ ಯಾರನ್ನೂ ನಂಬುವವಳಲ್ಲ. ಅಂಗಡಿಗೆ ಬೀಗ ಹಾಕಿ ಎಳೆದು ನೋಡುತ್ತಾಳೆ, ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಮತ್ತೆ ಎಳೆಯುತ್ತಾಳೆ. ಸ್ವಂತ ಅಕ್ಕನ ಮಗಳಾದ ನನಗೇ ಇವತ್ತಿಗೂ ಬೀಗದಕೈ ಕೊಟ್ಟಿಲ್ಲ. ಕೆಲಸ ಮಾತ್ರ ಅಪ್ಪಟ. ಒಂದು ಕಾಲು ಗಿಡ್ಡ ಇರುವವರಿಗೆ, ಪಾದ ತಿರುಚಿದವರಿಗೆ, ಬೆರಳು ಹೋದವರಿಗೆ ಅಳತೆ ತೆಗೆದು ಬೂಟು ಹೊಲಿಯುತ್ತಾಳೆ. ಹದಿನಾರು ವರ್ಷದ ಅಳತೆಗಳು, ಮುನ್ನೂರು ಜನರ ಪಾದಗಳು, ಅಂಗಡಿಯ ಹಳೇ ಲಿನಕ್ಸ್ ಕಂಪ್ಯೂಟರಿನಲ್ಲಿದ್ದವು.

ಆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಒಂದು ದಿನ ಟಕ್ ಟಕ್ ಎನ್ನತೊಡಗಿತು. ಗ್ರಂಥಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ನನಗೆ ಕರೆ ಬಂತು. ಹೋಗಿ ಡಿಸ್ಕಿನ ಆರೋಗ್ಯದ ವರದಿ ತೆಗೆದೆ. ಸೋಮವಾರ ಓದಲಾಗದ ಜಾಗ ಎಂಟು ಇದ್ದದ್ದು ಬುಧವಾರ ನಲವತ್ತೊಂದಾಗಿತ್ತು.

"ಇದು ಕೈಕೊಡ್ತಿದೆ ಚಿಕ್ಕಮ್ಮ. ಬ್ಯಾಕಪ್ ಎಲ್ಲಿದೆ?"

"ಪ್ರತಿ ಶನಿವಾರ ಮಾಡ್ತೀನಿ. ನಾನೇನು ದಡ್ಡಿನಾ?"

ಮಾಡಿದ್ದಳು, ನಿಜ. ಅದೇ ಡಿಸ್ಕಿನ ಇನ್ನೊಂದು ಫೋಲ್ಡರಿನಲ್ಲಿ. ಪೆನ್ ಡ್ರೈವಿಗೆ ಹಾಕಿಟ್ಟರೆ ಯಾರಾದರೂ ಜೇಬಿಗಿಳಿಸಿಕೊಂಡು ಹೋಗುತ್ತಾರಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಡಿಸ್ಕ್ ನಿಂತರೆ ಎರಡೂ ಒಟ್ಟಿಗೇ ಹೋಗುತ್ತಿದ್ದವು. ಆಮೇಲೆ ಮುನ್ನೂರು ಜನರನ್ನು ಮತ್ತೆ ಅಳೆಯಬೇಕು, ಅವರಲ್ಲಿ ಎಷ್ಟೋ ಜನರಿಗೆ ಮನೆಯ ಮೆಟ್ಟಿಲು ಇಳಿಯುವುದೇ ಕಷ್ಟ.

ಹೊಸ ಡಿಸ್ಕ್ ತಂದೆ. ಹಳೆಯದರ ಮೇಲೆ ಏನೂ ಬರೆಯದಂತೆ ಪೆನ್ ಡ್ರೈವಿನಿಂದ ಲಿನಕ್ಸ್ ಶುರುಮಾಡಿ, ಇದ್ದದ್ದನ್ನು ಇದ್ದ ಹಾಗೇ ಹೊಸದಕ್ಕೆ ನಕಲಿಸಬೇಕಿತ್ತು. ಎರಡು ಡಿಸ್ಕುಗಳ ಹೆಸರು ಅದಲುಬದಲಾದರೆ ಖಾಲಿ ಡಿಸ್ಕು ತುಂಬಿದ್ದನ್ನು ಅಳಿಸಿಬಿಡುತ್ತದೆ ಎಂದು ಬಾಯಿತಪ್ಪಿ ಅಂದೆ. ತಗೋ, ಅವಳಿಗೆ ಅಷ್ಟೇ ಸಾಕಾಯಿತು. ಕನ್ನಡಕ ಏರಿಸಿ, ಲೇಬಲ್ಲಿನ ನಂಬರುಗಳನ್ನು ನನ್ನಿಂದ ಒಂದೊಂದೇ ಅಕ್ಷರ ಓದಿಸಿ, ಪರದೆಯ ಜೊತೆ ಮೂರು ಸಲ ತಾಳೆ ನೋಡಿದಳು. ಮೊದಲ ಸಲ ನಾನು ನಿಜವಾಗಿಯೂ ಡಿಸ್ಕುಗಳ ಹೆಸರನ್ನು ತಿರುಗುಮುರುಗಾಗಿ ಬರೆದಿದ್ದೆ. ಅವಳ ಕಣ್ಣಿಗೆ ಬೀಳುವ ಮೊದಲೇ ತಿದ್ದಿಕೊಂಡೆ.

ನಕಲು ಮುಗಿಯಲು ಏಳು ಗಂಟೆ ಹಿಡಿಯಿತು. ಆ ನಲವತ್ತೊಂದು ಜಾಗಗಳಲ್ಲಿ ಒಂದು ಚೂರು ಮಾತ್ರ ಎಷ್ಟು ಸಲ ಪ್ರಯತ್ನಿಸಿದರೂ ಓದಲಾಗಲಿಲ್ಲ.

"ಆ ಚೂರಿನಲ್ಲಿ ಯಾರಿದ್ರು?"

"ಯಾರೂ ಇಲ್ಲ, ಅದು ಖಾಲಿ ಜಾಗ. ಫೈಲುಗಳೆಲ್ಲ ಸರಿಯಾಗಿವೆ."

"ಹಾಗಂತ ನೀನು ಹೇಳ್ತೀಯ."

ಮರುದಿನವೇ ಹತ್ತು ಗಿರಾಕಿಗಳಿಗೆ ಫೋನು ಹೋಯಿತು. ಫೈಲು ಸರಿಯೋ ಇಲ್ಲವೋ ಎಂದು ಕಾಲು ಅಳೆದೇ ನೋಡುವುದಂತೆ. ಒಂಬತ್ತು ಜನರದು ತಾಳೆಯಾಯಿತು. ಹತ್ತನೆಯವರು ನಿವೃತ್ತ ಪೋಸ್ಟ್‌ಮ್ಯಾನ್. ಎಡಪಾದದ ಅಗಲ ಫೈಲಿನಲ್ಲಿ ತೊಂಬತ್ತನಾಲ್ಕು ಮಿಲಿಮೀಟರ್, ಟೇಪಿನಲ್ಲಿ ತೊಂಬತ್ತೊಂಬತ್ತು.

"ನೋಡಿದೆಯಾ? ನಿನ್ನ ಹೊಸ ಡಿಸ್ಕು ತಿಂದುಹಾಕಿದೆ," ಎಂದಳು ಚಿಕ್ಕಮ್ಮ.

ನನ್ನ ತಪ್ಪನ್ನು ಸಾಬೀತು ಮಾಡಲೆಂದೇ, ಎರಡು ವರ್ಷದ ಹಿಂದೆ ತಾನೇ ಹೊಲಿದುಕೊಟ್ಟಿದ್ದ ಅವರ ಬೂಟಿನ ಒಳಹಾಸು ಎಳೆದು ಅಳೆದಳು. ತೊಂಬತ್ತನಾಲ್ಕು. ಫೈಲು ಸರಿಯಾಗಿಯೇ ಇತ್ತು, ಬದಲಾಗಿದ್ದು ಪಾದ. ಅವಳು ಬೂಟಿನೊಳಗೆ ಕೈ ಹಾಕಿದಳು. ಕಿರುಬೆರಳು ಕೂರುವ ಕಡೆ ತೊಗಲನ್ನು ಯಾರೋ ಬ್ಲೇಡಿನಿಂದ ಹೆರೆದಿದ್ದರು.

"ಇದೇನು ಮಾಡಿಟ್ಟಿದೀರಿ?"

ಪೋಸ್ಟ್‌ಮ್ಯಾನ್ ಕಾಲು ಹಿಂದಕ್ಕೆಳೆದುಕೊಂಡರು. ಕಿರುಬೆರಳ ಪಕ್ಕ ಆಣಿ ಕಟ್ಟಿತ್ತು. "ಒತ್ತುತ್ತೆ ಅಂತ ಎರಡು ಸಲ ಬಂದು ಹೇಳಿದ್ನಲ್ಲಮ್ಮ. ನೀವು ಕಂಪ್ಯೂಟರ್ ನೋಡಿ ಅಳತೆ ಸರಿಯಾಗಿದೆ ಅಂದ್ರಿ. ಅದಕ್ಕೆ ಮನೇಲೇ ಸ್ವಲ್ಪ ಹೆರ್ಕೊಂಡೆ."

ಚಿಕ್ಕಮ್ಮನಿಗೆ ನಾಚಿಕೆಯಾಗಿತ್ತು, ಅದನ್ನು ನಾನು ನೋಡಿದ್ದು ಅದೇ ಮೊದಲು, ನೋಡಿ ಸಂಕಟವಾಯಿತು. ಫೈಲಿನಲ್ಲಿ ಹೊಸ ಅಳತೆ ಬರೆದು, ಹೊಸ ಬೂಟು ಯಾವಾಗ ಕೊಡುತ್ತೇನೆಂದು ಹೇಳಿ ಅವರನ್ನು ಬಾಗಿಲವರೆಗೆ ಕಳಿಸಿಬಂದಳು. ಆಮೇಲೆ ಮುನ್ನೂರು ಗಿರಾಕಿಗಳ ಪಟ್ಟಿಯ ಮೊದಲ ಹೆಸರಿಗೆ ಫೋನು ಹಚ್ಚಿದಳು.

"ಡಿಸ್ಕ್ ಸರಿಯಾಗಿದೆ ಅಂತ ಗೊತ್ತಾಯ್ತಲ್ಲ ಚಿಕ್ಕಮ್ಮ, ಇನ್ನೂ ಯಾಕೆ?"

ಸುಮ್ಮನಿರು ಎಂದು ಕೈ ಮಾಡಿದಳು. "ಹಲೋ, ಬೂಟಿನಂಗಡಿಯಿಂದ ಮಾತಾಡ್ತಿರೋದು. ಬೂಟು ಎಲ್ಲಾದ್ರೂ ಒತ್ತುತ್ತಾ?" ಸ್ವಲ್ಪ ಹೊತ್ತು ಕೇಳಿಸಿಕೊಂಡಳು. "ಇಲ್ಲ ಅಂದ್ರೆ ನಾನು ನಂಬಲ್ಲ. ಹಾಕ್ಕೊಂಡು ನಾಲ್ಕು ಹೆಜ್ಜೆ ನಡೆದು ಹೇಳಿ, ಫೋನ್ ಹಿಡ್ಕೊಂಡೇ ಇರ್ತೀನಿ."