ಅಡ್ಯೇರಿಯ ತೋಳಿನ ಬಿಲ್ಲೆ

ಉಗಾಂಡಾದ ಫೋರ್ಟ್ ಪೋರ್ಟಲ್ ಪೇಟೆಯಲ್ಲಿ ಕಬರೊಕೊಲೆ ಎಂದು ಹೆಸರು ಹೇಳಿದರೆ ಯಾರಿಗೂ ತಿಳಿಯಲಿಕ್ಕಿಲ್ಲ. ಹೊಲಿಗೆಯ ಅಡ್ಯೇರಿ ಎಂದರೆ ಸಾಕು, ಬೈಕ್ ಬಾಡಿಗೆಯವರು ಅವಳ ಅಂಗಡಿಯ ಬಾಗಿಲಿಗೇ ತಂದು ಇಳಿಸುತ್ತಾರೆ. ನಮ್ಮ ತೋರೊ ಜನರಲ್ಲಿ ಬರೀ ಹೆಸರು ಹಿಡಿದು ಕರೆಯುವುದೆಂದರೆ ಮುಖ ಗಂಟು ಹಾಕಿಕೊಂಡ ಹಾಗೆ. ಎಂಪಾಕೊ, ಅಂದರೆ ಮುದ್ದಿನ ಹೆಸರು ಹಿಡಿದು ಕರೆದರೆ ಮಾತ್ರ ಒಬ್ಬರನ್ನು ನಮ್ಮವರೆಂದು ಒಪ್ಪಿಕೊಂಡ ಲೆಕ್ಕ. ಅಡ್ಯೇರಿ ಎಂಬುದು ಅವಳ ಎಂಪಾಕೊ.

ಗುರುವಾರ ಬಂತೆಂದರೆ ಅಡ್ಯೇರಿ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೋಗುತ್ತಾಳೆ. ಅಲ್ಲಿ ಸಕ್ಕರೆ ಕಾಯಿಲೆಯ ಮಕ್ಕಳು ಅವಳಿಗಾಗಿ ಬೆಂಚಿನ ಮೇಲೆ ಕಾದಿರುತ್ತಾರೆ. ಅವಳಿಗೂ ಹನ್ನೆರಡನೆಯ ವಯಸ್ಸಿನಿಂದ ಅದೇ ಕಾಯಿಲೆ. ಇನ್ಸುಲಿನ್ ಸೀಸೆಯನ್ನು ನೀರಿನ ಮಡಕೆಯಲ್ಲಿ ತಣ್ಣಗಿಟ್ಟು ಬದುಕಿದವಳು. ಈಗ ಕೆಲವರ ತೋಳಿಗೆ ನಾಣ್ಯದಗಲದ ಬಿಲ್ಲೆಯೊಂದನ್ನು ಅಂಟಿಸುತ್ತಾರೆ. ಪುಟ್ಟ ಪೆಟ್ಟಿಗೆಯೊಂದನ್ನು ಅದರ ಹತ್ತಿರ ಹಿಡಿದರೆ ಸಕ್ಕರೆಯ ಅಂಕಿ ಕಾಣುತ್ತದೆ, ಪಕ್ಕದಲ್ಲಿ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ತೋರಿಸುವ ಬಾಣ. ಯಂತ್ರ ಕೊಡುವವರು ಕೊಟ್ಟು ಹೋಗುತ್ತಾರೆ. ಅದರೊಂದಿಗೆ ಬಾಳುವುದನ್ನು ಕಲಿಸುವವಳು ಅಡ್ಯೇರಿ. ಬಾಣ ಕೆಳಗೆ ತಿರುಗಿದರೆ ಮೊದಲು ಸಕ್ಕರೆ, ಆಮೇಲೆ ಮಾತು. ಅಂಕಿ ಒಂದು ಹೇಳಿ ಮೈ ಇನ್ನೊಂದು ಹೇಳಿದರೆ ಬೆರಳು ಚುಚ್ಚಿ ನೋಡಬೇಕು. ಊಟದ ಹೊತ್ತು ತಪ್ಪಿಸಿದವರಿಗೆ ಅವಳಿಂದ ಮಂಗಳಾರತಿ ತಪ್ಪಿದ್ದಲ್ಲ.

ಅವಳ ಶಿಷ್ಯೆಯರಲ್ಲಿ ಒಬ್ಬಳಾದ ಕೊಬುಸಿಂಗೆ ಎಂಬ ಹದಿನಾರರ ಹುಡುಗಿ, ಎಂಪಾಕೊ ಅಬ್ವೋಲಿ, ಗುಡ್ಡದ ಮೇಲಿನ ವಸತಿ ಶಾಲೆಯಲ್ಲಿ ಓದುತ್ತಿದ್ದಳು. ಸ್ನಾನದ ಹೊತ್ತಿನಲ್ಲಿ ಹಾಸ್ಟೆಲ್ ನೋಡಿಕೊಳ್ಳುವ ಮೇಟ್ರನ್ ಕಬಹುಮಾ ಅವಳ ತೋಳಿನ ಬಿಲ್ಲೆ ಕಂಡಳು. ನಮ್ಮ ಕಡೆ ಬಸಿರು ತಡೆಯಲು ಹೆಂಗಸರು ಚರ್ಮದಡಿ ಪುಟ್ಟ ಕಡ್ಡಿ ಹಾಕಿಸಿಕೊಳ್ಳುವುದೂ ತೋಳಿನ ಅದೇ ಜಾಗದಲ್ಲೇ. ಮೇಟ್ರನ್ ಇದೂ ಅದೇ ಎಂದುಕೊಂಡುಬಿಟ್ಟಳು. ಸಂಜೆಯೊಳಗೆ ಸುದ್ದಿ ಇಡೀ ಹಾಸ್ಟೆಲಿಗೆ ಹಬ್ಬಿತು. ಅಬ್ವೋಲಿ ನಾಚಿಕೆಯಿಂದ ಕುಗ್ಗಿ ಬಿಲ್ಲೆಯನ್ನು ಕಿತ್ತು ಕಕ್ಕಸಿಗೆ ಎಸೆದಳು. ಮೂರನೆಯ ದಿನ ಬೆಳಗಿನ ಪ್ರಾರ್ಥನೆಯಲ್ಲಿ ಸಕ್ಕರೆ ಇಳಿದು ನೆಲಕ್ಕೆ ಬಿದ್ದಳು. ನರ್ಸ್ ಬಂದು ಎಬ್ಬಿಸಿದರೇನೋ ಸರಿ, ಆದರೆ ಮುಖ್ಯೋಪಾಧ್ಯಾಯಿನಿ ಆಸ್ಪತ್ರೆಗೆ ಹೇಳಿ ಕಳಿಸಿದರು: ಈ ಹೊಣೆ ನಮ್ಮಿಂದಾಗದು, ಹುಡುಗಿಯನ್ನು ಮನೆಗೆ ಕರೆದುಕೊಂಡು ಹೋಗಿ.

ಆ ಮಾತು ಅಡ್ಯೇರಿಗೆ ಹೊಸದಲ್ಲ. ಮೂವತ್ತೈದು ವರ್ಷದ ಹಿಂದೆ ಅದೇ ಶಾಲೆ ಅವಳಿಗೂ ಅದನ್ನೇ ಹೇಳಿತ್ತು. ತಗಡಿನ ಪೆಟ್ಟಿಗೆ ತಲೆಯ ಮೇಲಿಟ್ಟು ಗೇಟು ದಾಟಿದವಳು ಮತ್ತೆ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಲಿಲ್ಲ. ಅಬ್ವೋಲಿಗೆ ಹಾಗಾಗಲು ಬಿಡಬಾರದು ಎಂಬ ಒಂದೇ ಹಟದಲ್ಲಿ ಅವಳು ಗುಡ್ಡ ಹತ್ತಿದಳು. ಗೇಟಿನ ಪುಸ್ತಕದಲ್ಲಿ ‘ಶಾಲೆಗೆ ಸಂಬಂಧ’ ಎಂದಿದ್ದ ಕಡೆ ‘ಹುಡುಗಿಯ ಕಡೆಯವಳು’ ಎಂದು ಬರೆದಳು.

ಒಳಗೆ ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಅವರ ಪಕ್ಕದಲ್ಲಿದ್ದ ಮೇಟ್ರನ್, ಬಂದವಳಿಗೆ ಕುಳಿತುಕೊಳ್ಳಿ ಎನ್ನಲೂ ಇಲ್ಲ.

“ಕಬರೊಕೊಲೆ, ಹುಡ್ಗೀರು ತೋಳಲ್ಲಿ ಅಂಥದ್ದು ಯಾತಕ್ಕೆ ಹಾಕಿಸ್ಕೋತಾರೆ ಅಂತ ನಮಗೆ ಗೊತ್ತಾಗಲ್ವಾ?”

ಅಡ್ಯೇರಿ ಸಿಟ್ಟು ನುಂಗಿ ಮೊದಲು ಅವಳ ಎಂಪಾಕೊ ಕೇಳಿದಳು. ಕೇಳಿದರೆ ಹೇಳದಿರುವಂತಿಲ್ಲ. ಅಮೂಟಿ, ಎಂದಳು ಮೇಟ್ರನ್. ಅಡ್ಯೇರಿ ತನ್ನ ರವಿಕೆಯ ತೋಳನ್ನು ಮೇಲೆ ಸರಿಸಿದಳು. ಅಲ್ಲೂ ಬಿಲ್ಲೆ ಇತ್ತು.

“ನಂಗೆ ನಲವತ್ತೆಂಟು, ಅಮೂಟಿ. ಗಂಡ ಹೋಗಿ ಒಂಬತ್ತು ವರ್ಷ ಆಯ್ತು. ಈ ವಯಸ್ಸಲ್ಲಿ ನಾನೇನು ತಡೀಬೇಕು, ನೀವೇ ಹೇಳಿ.”

ಮುಖ್ಯೋಪಾಧ್ಯಾಯಿನಿ ನಗು ತಡೆಯಲು ಕಿಟಕಿಯ ಕಡೆ ತಿರುಗಿದರು. ಆದರೂ ಪಟ್ಟು ಬಿಡಲಿಲ್ಲ. ಬಿಲ್ಲೆ ಯಾವುದೇ ಆಗಿರಲಿ, ಹುಡುಗಿ ಮತ್ತೆ ಬಿದ್ದರೆ ನೋಡಿಕೊಳ್ಳುವವರು ಯಾರು ಎಂದರು. ಅಡ್ಯೇರಿ ಅಂಕಿ ತೋರಿಸುವ ತನ್ನ ಪುಟ್ಟ ಪೆಟ್ಟಿಗೆಯನ್ನು ಮೇಟ್ರನ್ ಕೈಗಿಟ್ಟು, ತನ್ನ ತೋಳಿನ ಹತ್ತಿರ ಹಿಡಿಯಲು ಹೇಳಿದಳು. ಅಂಕಿ ಮೂರೂವರೆ, ನಾಲ್ಕಕ್ಕಿಂತ ಇಳಿದರೆ ಅಪಾಯ. ಬಾಣ ಕೆಳಗೆ.

ಅಡ್ಯೇರಿಗೆ ಆಗ ನೆನಪಾಯಿತು. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡದ್ದು ನಿಜ, ಆತಂಕದಲ್ಲಿ ಊಟ ಮರೆತದ್ದೂ ನಿಜ. ಮಕ್ಕಳಿಗೆ ವಾರವಾರವೂ ಬೈಯುವ ತಪ್ಪನ್ನೇ ತಾನು ಮಾಡಿ ಕುಳಿತಿದ್ದಳು. ಮುಚ್ಚಿಡಲು ಹೋಗಲಿಲ್ಲ.

“ಬಾಣ ಇಳೀತಿದೆ ಅಮೂಟಿ. ನಂಗೀಗ ಸಕ್ಕರೆ ಬೇಕು.”

ಮೇಟ್ರನ್ ಓಡಿದಳು. ಚಹಾದ ತಟ್ಟೆಯಲ್ಲಿದ್ದ ಡಬ್ಬಿಯಿಂದ ನಾಲ್ಕು ಚಮಚ ಸಕ್ಕರೆ ನೀರಿಗೆ ಸುರಿದು ತಾನೇ ಕುಡಿಸಿದಳು. ಕಾಲು ಗಂಟೆ ಮೂವರೂ ಕಾದರು. ಮೇಟ್ರನ್ ಎರಡೆರಡು ನಿಮಿಷಕ್ಕೆ ಪೆಟ್ಟಿಗೆ ಹಿಡಿದು ನೋಡುತ್ತಿದ್ದಳು. ಕೊನೆಗೆ ಅಂಕಿ ಐದಕ್ಕೆ ಬಂತು, ಬಾಣ ಅಡ್ಡಲಾಗಿ ನಿಂತಿತು.

“ಇಷ್ಟೇನಾ?” ಎಂದಳು ಮೇಟ್ರನ್, ತನ್ನ ಕೈಗಳನ್ನೇ ನೋಡಿಕೊಳ್ಳುತ್ತ. ಆಮೇಲೆ ಮುಖ್ಯೋಪಾಧ್ಯಾಯಿನಿಯ ಕಡೆ ತಿರುಗಿದಳು. “ಹುಡ್ಗಿ ಇಲ್ಲೇ ಇರ್ಲಿ, ಮೇಡಂ. ನಾನು ನೋಡ್ಕೋತೀನಿ. ಬಾಯಿ ಬಿಟ್ಟವಳು ನಾನು, ಹಾಸ್ಟೆಲಲ್ಲಿ ಎಲ್ರ ಮುಂದೆ ತಪ್ಪಾಯ್ತು ಅನ್ನೋಳೂ ನಾನೇ.”

ಅಂದೇ ಅಬ್ವೋಲಿಯ ತೋಳಿಗೆ ಅಡ್ಯೇರಿ ತಂದಿದ್ದ ಹೊಸ ಬಿಲ್ಲೆ ಬಂತು. ಅಂಟಿಸುವಾಗ ತೋಳು ಹಿಡಿದವಳು ಮೇಟ್ರನ್. ವರ್ಷಕ್ಕೆ ಮೂರು ಸಲ ಬಂದು ನಮ್ಮವರಿಗೂ ಕಲಿಸಿಕೊಡಿ ಎಂದ ಮುಖ್ಯೋಪಾಧ್ಯಾಯಿನಿ, ಇಷ್ಟು ಚೆನ್ನಾಗಿ ಹೇಳಿಕೊಡುತ್ತೀರಲ್ಲ, ಎಲ್ಲಿ ಓದಿದ್ದು ಎಂದು ಕೇಳಿದರು. ಇಲ್ಲೇ, ಎಂದಳು ಅಡ್ಯೇರಿ. ಯಾಕೆ ಬಿಟ್ಟಳೆಂಬುದನ್ನೂ ಹೇಳಿದಳು.

ಹೊರಡುವಾಗ ಮೇಟ್ರನ್ ಅಡುಗೆಮನೆಯಿಂದ ಬೇಯಿಸಿದ ಬಾಳೆಕಾಯಿ ಕಟ್ಟಿಸಿಕೊಂಡು ಗೇಟಿನ ತನಕ ಬಂದಳು.

“ದಾರೀಲಿ ತಿನ್ನಿ, ಅಡ್ಯೇರಿ. ಮತ್ತೆ ಮರೀಬೇಡಿ.”

ಹೆಸರಲ್ಲ, ಎಂಪಾಕೊ. ಅಡ್ಯೇರಿ ಪೊಟ್ಟಣ ಇಸಿದುಕೊಂಡಳು. ಹೊರಟ ಹೊತ್ತು ಬರೆಯಲೆಂದು ಕಾವಲುಗಾರ ಪುಸ್ತಕ ಚಾಚಿದ. ಅವಳು ಹೊತ್ತು ಬರೆದಳು, ಬೆಳಿಗ್ಗೆ ತಾನೇ ಬರೆದಿದ್ದ ‘ಹುಡುಗಿಯ ಕಡೆಯವಳು’ ಎಂಬುದನ್ನು ಹೊಡೆದುಹಾಕಿದಳು, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದಳು: ‘ಈ ಶಾಲೆಯ ಹಳೆಯ ವಿದ್ಯಾರ್ಥಿನಿ.’